ಕಾರಣ ಒಂದೇ ಇರಬೇಕು

೧೨ ಜೂನ್ ೧೯೯೮, ಶುಕ್ರವಾರ
ಬೇಲೂರು

ಬೆಳಗ್ಗೆ ಏಳು ಗಂಟೆಗೆ ಅಲಮೇಲು ಒಂದು ಹಾಳೆ ಹಿಡಿದು ನನ್ನ ಕೋಣೆಯ ಬಾಗಿಲಲ್ಲಿ ನಿಂತಳು. ನನ್ನ ತಮ್ಮ ಅಚ್ಯುತನ ಹೆಂಡತಿ. ಈ ಮನೆಗೆ ಬಂದು ಹದಿನೈದು ವರ್ಷವಾಯಿತು, ನನ್ನೆದುರು ಹಾಳೆ ಹಿಡಿದು ನಿಂತರೆ ಇಂದಿಗೂ ಪರೀಕ್ಷೆಗೆ ಬಂದವಳಂತೆಯೇ ಕಾಣುತ್ತಾಳೆ.

“ಅತ್ತಿಗೆ, ಇವರಿಗೆ ಹುಷಾರಿಲ್ಲ. ಏಳೋದಕ್ಕೇ ಆಗ್ತಿಲ್ಲ. ಸ್ಕೂಲಿಗೆ ರಜಾ ಚೀಟಿ ಬರೆದೆ. ಸರಿ ಇದೆಯಾ ನೋಡ್ತೀರಾ?”

ಸರಿ ಇರಲಿಲ್ಲ. ‘ಅಸ್ವಸ್ಥ’ ಎಂಬಲ್ಲಿ ‘ಅಸ್ವಸ್ತ’ ಎಂದು ಬರೆದಿದ್ದಳು. ಜ್ವರ, ತಲೆನೋವು, ವಾಂತಿ, ಸಾಲದೆಂಬಂತೆ ಊರಿನಿಂದ ನೆಂಟರು ಬಂದಿರುವುದು; ನಾಲ್ಕು ಕಾರಣಗಳನ್ನು ಒಂದೇ ವಾಕ್ಯದಲ್ಲಿ ತುರುಕಿದ್ದಳು. ಕೊನೆಯಲ್ಲಿ ‘ದಯಮಾಡಿ ರಜೆ ದಯಪಾಲಿಸಬೇಕು’ ಎಂದು ದಯೆ ಎರಡು ಸಲ.

ಅದನ್ನು ಹರಿದುಹಾಕಿ ನಾನೇ ಬರೆದೆ. ‘ಪಿತ್ತೋದ್ರೇಕದಿಂದ ಅಸ್ವಸ್ಥನಾಗಿದ್ದೇನೆ. ಈ ದಿನದ ಮಟ್ಟಿಗೆ ರಜೆ ಮಂಜೂರು ಮಾಡಬೇಕೆಂದು ಕೋರುತ್ತೇನೆ.’ ಅಷ್ಟೆ. ಅಚ್ಯುತ ಮಲಗಿದ್ದಲ್ಲಿಯೇ ಸಹಿ ಹಾಕಿದನು. ಸಹಿ ಹಾಳೆಯ ಅಂಚಿನವರೆಗೆ ಜಾರಿತು.

ಅವನ ಮಗಳು ಹಿತಾ ಪಕ್ಕದಲ್ಲಿಯೇ ನಿಂತು ನೋಡುತ್ತಿದ್ದಳು. ಮಗುವಿಗೆ ಪತ್ರಲೇಖನ ಕಲಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಯಾವುದು? “ಕಾರಣ ಒಂದೇ ಇರಬೇಕು, ಚಿಕ್ಕದಾಗಿರಬೇಕು. ಎರಡನೆಯ ಕಾರಣ ಹೇಳಿದ ಕೂಡಲೇ ಓದುವವರಿಗೆ ಮೊದಲನೆಯದರ ಮೇಲೂ ಅನುಮಾನ ಬರುತ್ತದೆ” ಎಂದೆ. ತನ್ನ ನೋಟುಪುಸ್ತಕದಲ್ಲಿ ಬರೆದುಕೊಂಡಳು. ಜಾಣೆ.

ಪಿತ್ತವೆಂಬುದು ಸುಳ್ಳಲ್ಲ. ಹಳದಿಯಾಗಿ ವಾಂತಿ ಮಾಡಿಕೊಂಡದ್ದನ್ನು ಅಲಮೇಲು ತೊಳೆದಳು. ಅದರ ಮೂಲವನ್ನು ಶಾಲೆಗೆ ತಿಳಿಸುವ ಅಗತ್ಯವಿಲ್ಲ. ಇಲ್ಲಿ ಬರೆಯುವ ಅಗತ್ಯವೂ ಇಲ್ಲ.

೯ ಜುಲೈ ೧೯೯೮, ಗುರುವಾರ

ತರಕಾರಿಗೆ ಹೋಗಿದ್ದಾಗ ಕರಿಬಸವಯ್ಯ ಸಿಕ್ಕಿದನು. ಹಾರನಹಳ್ಳಿಯಲ್ಲಿ ನನ್ನ ಕೈಕೆಳಗೆ ಕಲಿತ ಹುಡುಗ. ಈಗ ಅಚ್ಯುತ ಗಣಿತ ಹೇಳಿಕೊಡುವ ಶಾಲೆಗೆ ಅವನೇ ಮುಖ್ಯೋಪಾಧ್ಯಾಯ. ತಲೆ ಅರ್ಧ ನರೆತಿದೆ, ಆದರೂ ನನ್ನನ್ನು ಕಂಡೊಡನೆ ಸೈಕಲ್ಲಿನಿಂದ ಇಳಿದು ನಿಂತನು.

“ಮೇಡಂ, ನಿಮ್ಮ ಅಕ್ಷರ ನೋಡಿದ್ರೆ ಈಗಲೂ ನನ್ನ ಬೆನ್ನು ನೆಟ್ಟಗಾಗುತ್ತೆ. ಅಚ್ಯುತ ಸಾರ್ ರಜಾ ಅರ್ಜಿ ನೀವೇ ಬರೆಯೋದಲ್ವಾ?”

“ಅವನ ಅಕ್ಷರ ಕೋಳಿ ಕೆದರಿದ ಹಾಗಿರುತ್ತದೆ. ಅದಕ್ಕೇ ನಾನು ಬರೆಯುತ್ತೇನೆ.”

“ಸ್ಟಾಫ್ ರೂಮಲ್ಲಿ ಕೆಲವರು ಏನೇನೋ ಅಂತಾರೆ, ಮೇಡಂ. ಒಂದಿನ ಎಲ್ಲರ ಎದುರಿಗೇ ಹೇಳ್ಬಿಟ್ಟೆ. ನೋಡ್ರಪ್ಪಾ, ಆ ಕೈ ಸುಳ್ಳು ಬರೆಯೋ ಕೈಯಲ್ಲ. ಪಿತ್ತ ಅಂದ್ರೆ ಪಿತ್ತ.”

ಹೂಕೋಸು ಚೆನ್ನಾಗಿರಲಿಲ್ಲ. ಬೀನ್ಸ್ ತಂದೆ.

೨೩ ಆಗಸ್ಟ್ ೧೯೯೮, ಭಾನುವಾರ

ಮಧ್ಯಾಹ್ನ ಮೂರು ಗಂಟೆಗೆ ಆಟೋ ಹನುಮಯ್ಯ ಅಚ್ಯುತನನ್ನು ಕರೆತಂದನು. ಕರೆತಂದನು ಎಂಬುದು ಸರಿಯಾದ ಕ್ರಿಯಾಪದವಲ್ಲ. ಹೊತ್ತು ತಂದನು.

“ಅಮ್ಮೋರೆ, ಮೇಷ್ಟ್ರು ಹಳೇಬೀಡ್ ಕೆರೆ ಏರಿ ಮ್ಯಾಲೆ ಮಲಗ್ಬುಟ್ಟಿದ್ರು. ಬಿಸ್ಲು ಅಂತ ಎತ್ಕಂಡ್ ಬಂದೆ. ಇವತ್ತು ಎಣ್ಣೆ ಒಸಿ ಜಾಸ್ತಿ ಆಗೈತೆ.”

“ಎಣ್ಣೆಯೆ? ಯಾವ ಎಣ್ಣೆ? ಬೋಂಡಾ ತಿಂದನೇನು?”

ಹನುಮಯ್ಯ ಹೆಗಲ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡನು. “ಎಣ್ಣೆ ಅಂದ್ರೆ... ಎಣ್ಣೇನೇ ಕಣ್ರವ್ವ. ನಾನೆಂಗ್ ಹೇಳ್ಲಿ?”

ಬಾಗಿಲ ಹಿಂದಿನಿಂದ ಹಿತಾ ಹೇಳಿದಳು: “ಅತ್ತೆ, ಬ್ರಾಂದಿಗೆ ಹಾಗಂತಾರೆ. ಎಲ್ಲರಿಗೂ ಗೊತ್ತು.”

ಮೂವತ್ತನಾಲ್ಕು ವರ್ಷ ಕನ್ನಡ ಕಲಿಸಿದ ನನಗೆ ಗೊತ್ತಿಲ್ಲದ ಪದಾರ್ಥ ಹನ್ನೆರಡು ವರ್ಷದ ಹುಡುಗಿಗೆ ಗೊತ್ತಿತ್ತು. ನಮ್ಮ ತಂದೆ ನಲವತ್ತು ವರ್ಷ ದೇವರ ಸನ್ನಿಧಿಯಲ್ಲಿ ಪಾರಾಯಣ ಮಾಡಿದವರು. ಆ ಮನೆಯ ನಡುಮನೆಯಲ್ಲಿ ಈ ಪದ ಬಿಡಿಸಿ ಹೇಳಿಸಿಕೊಳ್ಳಬೇಕಾಯಿತು. ಎಲ್ಲರಿಗೂ ಗೊತ್ತಂತೆ. ಎಲ್ಲರೆಂದರೆ ಯಾರು ಯಾರು?

ಸಂಜೆ ಅಚ್ಯುತ ಎದ್ದು ಕಾಫಿ ಕುಡಿಯುತ್ತ ನನ್ನ ಪಕ್ಕ ಬಂದು ಕುಳಿತನು. ಕಣ್ಣು ಕೆಂಪಗಿತ್ತು, ತುಂಟತನ ಮಾತ್ರ ಐದು ವರ್ಷದವನದೇ. ತಾಯಿ ತೀರಿಕೊಂಡ ವರ್ಷ ಅವನಿಗೆ ಐದು, ನನಗೆ ಇಪ್ಪತ್ತೆರಡು. ಅಂದಿನಿಂದ ನಾನೇ ಅವನಿಗೆ ಎಲ್ಲವೂ.

“ಅಕ್ಕ, ಒಂದು ಸಂದೇಹ. ‘ಕುಡುಕ’ ಅನ್ನೋದು ತದ್ಧಿತಾಂತವೋ ಕೃದಂತವೋ?”

“ಧಾತುವಿನಿಂದ ಹುಟ್ಟಿದ್ದು. ಕೃದಂತ.”

“ನೋಡು, ನೀನು ತಪ್ಪೇ ಮಾಡಲ್ಲ” ಎಂದು ನಕ್ಕನು. ನನಗೂ ನಗು ಬಂದುಬಿಟ್ಟಿತು. ಬೈಯಬೇಕೆಂದು ಮಧ್ಯಾಹ್ನದಿಂದ ಕಟ್ಟಿಟ್ಟುಕೊಂಡಿದ್ದ ಮಾತುಗಳೆಲ್ಲ ಹಾಗೆಯೇ ಉಳಿದವು.

ನಾಳೆಯ ದಿನಾಂಕ ಹಾಕಿ ಅರ್ಜಿ ಬರೆದಿಟ್ಟಿದ್ದೇನೆ. ಕಾರಣ ಬೆನ್ನುನೋವು. ಪಿತ್ತವನ್ನು ಈ ತಿಂಗಳು ಮೂರು ಸಲ ಬಳಸಿಯಾಗಿದೆ.

೫ ನವೆಂಬರ್ ೧೯೯೮, ಗುರುವಾರ

ಹಿತಾಳ ಶಾಲೆಗೆ ಹೋಗಿದ್ದೆ. ಅವಳ ತರಗತಿಯ ಉಪಾಧ್ಯಾಯಿನಿ ಸಾವಿತ್ರಮ್ಮ ದಾರಿಯಲ್ಲಿ ಸಿಕ್ಕಾಗ, “ಹಿತಾಗೆ ಕಣ್ಣುನೋವು ಪದೇ ಪದೇ ಬರುತ್ತಲ್ಲ ಮೇಡಂ, ಹಾಸನದಲ್ಲಿ ತೋರಿಸಬಾರದಾ?” ಎಂದು ಕೇಳಿದ್ದರು. ಮಗುವಿಗೆ ಕಣ್ಣುನೋವು ಬಂದದ್ದು ನನಗೆ ತಿಳಿಯದು.

ಸಾವಿತ್ರಮ್ಮ ಕಡತದಿಂದ ಆರು ರಜಾ ಅರ್ಜಿಗಳನ್ನು ತೆಗೆದು ಮೇಜಿನ ಮೇಲೆ ಹರಡಿದರು. “ಎಷ್ಟು ಚೆಂದ ಬರೀತೀರಿ! ಇದನ್ನೇ ಬೋರ್ಡಿನ ಮೇಲೆ ಬರೆದು ಮಕ್ಕಳಿಗೆ ಕಾಪಿ ಮಾಡಿಸಿದೆ. ನೀವೇ ಬರೆದದ್ದಲ್ವಾ?”

ಅಕ್ಷರ ನನ್ನದೇ. ‘ಥ’ದ ಹೊಟ್ಟೆಯ ಚುಕ್ಕಿ, ಒತ್ತಕ್ಷರದ ಬಾಗು, ಸಾಲಿನ ನಡುವಣ ಅಂತರ, ಎಲ್ಲವೂ ನನ್ನವೇ. ನಾನು ಬರೆದದ್ದಲ್ಲ. ಕೆಳಗೆ ಅಲಮೇಲುವಿನ ಸಹಿ, ಅದೂ ಅವಳದಲ್ಲ. ಆರರಲ್ಲಿ ಒಂದು ತಪ್ಪೂ ಇರಲಿಲ್ಲ. ಪ್ರತಿಯೊಂದರಲ್ಲಿಯೂ ಒಂದೇ ಕಾರಣ, ಮೂರೇ ಪದ.

“ಹೌದು. ನಾನೇ ಬರೆದದ್ದು” ಎಂದೆ.

ಮನೆಗೆ ಬಂದು ಹಿತಾಳನ್ನು ಹಿತ್ತಿಲಿಗೆ ಕರೆದೆ. ಆ ದಿನಗಳಲ್ಲಿ ಎಲ್ಲಿಗೆ ಹೋಗಿದ್ದೆಯೆಂದು ಕೇಳಿದೆ. ಅವಳು ಹೆದರಲಿಲ್ಲ.

“ಹಳೇಬೀಡಿಗೆ. ಅಪ್ಪ ಸ್ಕೂಲಿಗೆ ಅಂತ ಹೊರಟು ಬಸ್ ಸ್ಟ್ಯಾಂಡಿಗೆ ಹೋದರೆ ನಾನೂ ಹಿಂದಿನ ಬಾಗಿಲಲ್ಲಿ ಹತ್ತಿಬಿಡ್ತೀನಿ. ಅವರು ಕೆರೆ ಹತ್ತಿರ ಕೂತರೆ ನಾನು ಆ ಕಡೆ ಹುಣಸೇಮರದ ಕೆಳಗೆ ಕೂತಿರ್ತೀನಿ.”

“ಯಾಕೆ?”

“ನೀರಿಗೆ ಬಿದ್ದರೆ? ಯಾರಾದರೂ ನೋಡ್ತಿರಬೇಕಲ್ಲ, ಅತ್ತೆ.”

“ನನಗೆ ಹೇಳಬಾರದಿತ್ತೇ?”

“ಹೇಳಿದ್ದರೆ ಏನ್ಮಾಡ್ತಿದ್ರಿ?” ಎಂದಳು. ಉದ್ಧಟತನದಿಂದ ಕೇಳಿದ್ದಲ್ಲ, ತಿಳಿದುಕೊಳ್ಳಲೆಂದೇ ಕೇಳಿದಳು. ನಾನು ತಂತಿಯ ಮೇಲಿನ ಬಟ್ಟೆ ತೆಗೆಯತೊಡಗಿದೆ. “ಅರ್ಜೀಲಿ ಏನಾದರೂ ತಪ್ಪಿತ್ತಾ?” ಎಂದಳು.

ಇರಲಿಲ್ಲ ಎಂದೆ.

೬ ನವೆಂಬರ್, ಶುಕ್ರವಾರ

ಇನ್ನು ಮೇಲೆ ಅರ್ಜಿ ಬರೆಯುವುದಿಲ್ಲವೆಂದು ಅಲಮೇಲುವಿಗೂ ಅಚ್ಯುತನಿಗೂ ಖಂಡಿತವಾಗಿ ತಿಳಿಸಿದೆ.

೯ ನವೆಂಬರ್, ಸೋಮವಾರ

ಬರೆದೆ. ಅಲಮೇಲು ಕಾಲು ಹಿಡಿದುಕೊಂಡಳು. “ಕರಿಬಸವಯ್ಯನವರಿಗೆ ತಿಳಿದರೆ ಊರಿಗೆಲ್ಲ ತಿಳಿಯುತ್ತೆ, ಅತ್ತಿಗೆ. ನಾಳೆ ಹಿತಾನ ಕೇಳ್ಕೊಂಡು ಯಾರು ಬರ್ತಾರೆ?” ಎಂದಳು. ಊರೆಂಬ ಮಾತು ಬಂದರೆ ನನ್ನ ಕೈ ತಾನಾಗಿ ಲೇಖನಿಯ ಕಡೆ ಹೋಗುತ್ತದೆ.

ಕಾರಣ: ಹಲ್ಲುನೋವು.

೭ ಫೆಬ್ರವರಿ ೧೯೯೯, ಭಾನುವಾರ
ಅರಸೀಕೆರೆ

ಕುಡಿಯುವುದಿಲ್ಲವೆಂದು ದೇವರೆದುರು ಪ್ರಮಾಣ ಮಾಡಿಸಲು ಅಚ್ಯುತನನ್ನು ಮಾಲೇಕಲ್ಲು ತಿರುಪತಿಯ ಬೆಟ್ಟಕ್ಕೆ ಕರೆದುಕೊಂಡು ಬಂದೆ. ಅಲಮೇಲು, ಹಿತಾ ಬೇಲೂರಿನಲ್ಲಿಯೇ ಇದ್ದಾರೆ. ಬೇಲೂರಿನಲ್ಲಿ ಪ್ರಮಾಣ ಮಾಡಿಸಿದರೆ ನೋಡುವವರು ಇರುತ್ತಾರೆ. ಇಲ್ಲಿ ನಮ್ಮನ್ನು ಬಲ್ಲವರಿಲ್ಲ.

ಬೆಟ್ಟದ ಮೆಟ್ಟಿಲಲ್ಲಿ ಹತ್ತು ಹೆಜ್ಜೆಗೊಮ್ಮೆ ಕುಳಿತನು. ಊಟ ಮಾಡಿ ಎಷ್ಟು ದಿನವಾಯಿತೋ, ತೋಳು ನನ್ನದಕ್ಕಿಂತ ಸಣ್ಣಗಿದೆ. “ಅಕ್ಕ, ವೆಂಕಟರಮಣ ಕೆಳಗಿಳಿದು ಬರಲ್ಲವಾ? ಅವನಿಗೆ ಕಾಲು ಗಟ್ಟಿ ಇದೆ” ಎಂದನು. ಮೇಲೆ ಹೋದ ಮೇಲೆ ತಮಾಷೆ ಮಾಡಲಿಲ್ಲ. ಇನ್ನು ಮುಟ್ಟುವುದಿಲ್ಲವೆಂದು ನನ್ನ ಕೈ ಹಿಡಿದು ಹೇಳಿದನು. ಮನಸಾರೆ ಹೇಳಿದನೆಂದು ನಂಬಿದ್ದೇನೆ.

ನಾಲ್ಕು ದಿನ ಇಲ್ಲಿನ ಛತ್ರದಲ್ಲಿಯೇ ಇದ್ದು, ಅಭ್ಯಾಸ ತಪ್ಪಿದ ಮೇಲೆ ಊರಿಗೆ ಹೋಗುವುದೆಂದು ನಿಶ್ಚಯಿಸಿದೆ.

೯ ಫೆಬ್ರವರಿ, ಮಂಗಳವಾರ

ನಿನ್ನೆಯಿಂದ ಅಚ್ಯುತನ ಕೈ ನಡುಗುತ್ತಿದೆ, ಮೈಯೆಲ್ಲ ಬೆವರು. ಇಂದು ಬೆಳಗ್ಗೆ ಎದ್ದು ನಿಲ್ಲಲಾಗಲಿಲ್ಲ. ರೈಲ್ವೆ ನಿಲ್ದಾಣದ ಕಡೆಯ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದೆ.

ವೈದ್ಯನು ಚಿಕ್ಕ ವಯಸ್ಸಿನವನು, ಮರ್ಯಾದಸ್ಥ. “ಅಮ್ಮ, ಇವರಿಗೆ ಕುಡಿಯೋ ಅಭ್ಯಾಸ ಏನಾದರೂ ಇದೆಯಾ?” ಎಂದು ಕೇಳಿದನು.

“ಇಲ್ಲ. ನಮ್ಮದು ದೇವಸ್ಥಾನದ ಮನೆತನ. ನಾನು ನಿವೃತ್ತ ಉಪಾಧ್ಯಾಯಿನಿ” ಎಂದೆ.

“ಹಾಗಾದರೆ ಈ ನಡುಕ?”

“ಪಿತ್ತ. ಹಲವು ದಿನಗಳಿಂದ ಊಟ ಸೇರುತ್ತಿಲ್ಲ.”

ಅವನು ತಲೆಯಾಡಿಸಿ ಬರೆದುಕೊಂಡನು. ತುಂಬ ನಿಶ್ಶಕ್ತಿಯಾಗಿದೆಯೆಂದು ಗ್ಲೂಕೋಸ್ ಬಾಟಲಿ ಏರಿಸಿದರು.

ಸಂಜೆ ನೆಲ ಒರೆಸಲು ಬಂದ ಆಯಾ ಮಹದೇವಮ್ಮ ಅಚ್ಯುತನ ಕೈಯನ್ನೇ ನೋಡುತ್ತ ನಿಂತಳು. ಆಮೇಲೆ ನನ್ನ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕುಳಿತಳು.

“ಅವ್ವಾ, ನಮ್ಮೆಜಮಾನ್ರೂ ಹಿಂಗೇ ನಡುಗ್ತಿದ್ರು. ಬಿಟ್ಟ್ ಮೂರ್ನೇ ದಿನ. ನನ್ ಹತ್ರ ಮುಚ್ಕಂಡ್ರೆ ಮುಚ್ಕಳಿ, ದಾಕ್ಟ್ರಿಗೊಂದ್ ಮಾತು ಹೇಳ್ಬುಡಿ.”

“ನಿಮ್ಮ ಕೆಲಸ ನೀವು ನೋಡಿಕೊಳ್ಳಿ” ಎಂದೆ. “ದಾಕ್ಟ್ರು ಅಲ್ಲ, ಡಾಕ್ಟರು.”

ಅವಳು ಬಕೆಟ್ಟು ಎತ್ತಿಕೊಂಡು ಹೋದಳು.

೧೦ ಫೆಬ್ರವರಿ, ಬುಧವಾರ

ಗೋಡೆಯ ತುಂಬ ಇರುವೆ ಎನ್ನುತ್ತಾನೆ. ಒರೆಸು ಎನ್ನುತ್ತಾನೆ. ಸೆರಗಿನಿಂದ ಒರೆಸಿದೆ. ಇನ್ನೂ ಇವೆಯಂತೆ. ಇನ್ನೊಂದು ಬಾಟಲಿ ಹಾಕಿದ್ದಾರೆ. ಕಣ್ಣುಗುಡ್ಡೆಗಳು ಒಂದು ಕಡೆ ನಿಲ್ಲುತ್ತಿಲ್ಲ.

೧೧ ಫೆಬ್ರವರಿ, ಗುರುವಾರ

ಬೆಳಗ್ಗೆ ನನ್ನನ್ನು ‘ಅಮ್ಮ’ ಎಂದು ಕರೆದನು. ನಾನು ಅಕ್ಕ ಎಂದೆ. “ಅಕ್ಕ ಸ್ಕೂಲಿಗೆ ಹೋಗಿದಾಳೆ” ಎಂದನು.

ಹಾಸನದಿಂದ ಹಿರಿಯ ವೈದ್ಯರೊಬ್ಬರನ್ನು ಕರೆಸಿದ್ದರು. ಅವರು ಅಚ್ಯುತನ ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಎಲ್ಲರನ್ನೂ ಹೊರಗೆ ಕಳಿಸಿ ನನ್ನನ್ನು ಕೂಡಿಸಿಕೊಂಡರು. ಎಷ್ಟು ವರ್ಷದಿಂದ ಕುಡಿಯುತ್ತಾರೆ ಎಂದು ಕೇಳಿದರು. ಕುಡಿಯುತ್ತಾರೆಯೇ ಎಂದು ಕೇಳಲಿಲ್ಲ.

ಹೇಳಿದೆ. ಒಂಬತ್ತು ವರ್ಷ. ಮೊದಲು ಸಂಜೆ ಮಾತ್ರ, ಎರಡು ವರ್ಷದಿಂದ ಬೆಳಗ್ಗೆಯೂ.

“ಕುಡಿಯೋರಿಗೆ ಗ್ಲೂಕೋಸ್ ಹಾಕೋ ಮೊದಲು ಒಂದು ವಿಟಮಿನ್ ಇಂಜೆಕ್ಷನ್ ಕೊಡ್ತೀವಿ, ತಾಯಿ. ಅದಿಲ್ಲದೆ ಹಾಕಿದರೆ ಮಿದುಳಿಗೆ ಪೆಟ್ಟಾಗಬಹುದು. ಈಗ ಕೊಟ್ಟಿದ್ದೀನಿ. ಜೀವಕ್ಕೆ ತೊಂದರೆ ಇಲ್ಲ. ನೆನಪಿನ ವಿಷಯ ಹೇಳೋಕಾಗಲ್ಲ.” ಕಾಗದ ತಿರುಗಿಸಿ ತೋರಿಸಿದರು. “ಇಲ್ಲಿ ಕುಡಿತವಿಲ್ಲ ಅಂತ ಬರೆದಿದಾರೆ. ಯಾರು ಹೇಳಿದ್ದು?”

“ನಾನು.”

ಅವರು ಆ ಸಾಲಿನ ಪಕ್ಕ ‘ಒಂಬತ್ತು ವರ್ಷ’ ಎಂದು ಬರೆದುಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

೨೦ ಮಾರ್ಚ್ ೧೯೯೯, ಶನಿವಾರ
ಬೇಲೂರು

ಕರಿಬಸವಯ್ಯ ಮನೆಗೆ ಬಂದಿದ್ದನು. ಅಚ್ಯುತ ಅವನನ್ನು ಗುರುತು ಹಿಡಿದು ಸರಿಯಾಗಿಯೇ ಮಾತನಾಡಿಸಿದನು. ಇಂದು ಬೆಳಗ್ಗೆ ಹತ್ತನೆಯ ತರಗತಿಗೆ ಪೈಥಾಗೊರಸನ ಪ್ರಮೇಯ ಮುಗಿಸಿದೆನೆಂದೂ, ಇನ್‌ಸ್ಪೆಕ್ಟರು ಬಂದು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಿದರೆಂದೂ ಹೇಳಿದನು. ಅವರ ಕೋಟಿನ ಬಣ್ಣವನ್ನೂ ಹೇಳಿದನು. ಬೆಳಗ್ಗೆಯಿಂದ ಅವನು ಈ ಕುರ್ಚಿಯಿಂದ ಎದ್ದಿರಲಿಲ್ಲ.

ಇದು ಸುಳ್ಳಲ್ಲವೆಂದು ವೈದ್ಯರು ಹೇಳಿದ್ದಾರೆ. ನೆನಪು ನಿಲ್ಲುವುದಿಲ್ಲ, ಖಾಲಿಯಾದ ಜಾಗವನ್ನು ಮನಸ್ಸು ಸಿಕ್ಕಿದ್ದರಿಂದ ತುಂಬಿಕೊಳ್ಳುತ್ತದೆಯಂತೆ. ಹೇಳುವವನಿಗೆ ಅದೇ ನಿಜ.

ಕರಿಬಸವಯ್ಯನನ್ನು ಜಗಲಿಗೆ ಕರೆದುಕೊಂಡು ಬಂದು ಎಲ್ಲವನ್ನೂ ಹೇಳಿದೆ. ಇಪ್ಪತ್ತಮೂರು ಅರ್ಜಿಗಳು. ಪಿತ್ತ, ಬೆನ್ನು, ಹಲ್ಲು, ಎಲ್ಲದರ ಹಿಂದೆ ಇದ್ದದ್ದು ಒಂದೇ ಎಂದೆ.

ಅವನು ಜಗಲಿಯ ಅಂಚಿನಲ್ಲಿ ಕುಳಿತನು.

“ನಮ್ಮ ಡ್ರಿಲ್ ಮೇಷ್ಟ್ರು ಹೊನ್ನಯ್ಯ ಗೊತ್ತಲ್ಲ ಮೇಡಂ? ಹೋದ ವರ್ಷ ಆಗಸ್ಟಲ್ಲಿ ಅವನನ್ನ ಕುಡಿತ ಬಿಡಿಸೋ ಶಿಬಿರಕ್ಕೆ ಕಳಿಸಿದೆ. ಅರಸೀಕೆರೇಲೇ ನಡೀತು. ಬೈದು, ಬಸ್ ಹತ್ತಿಸಿ, ಪಕ್ಕದಲ್ಲಿ ನಾನೇ ಕೂತ್ಕೊಂಡು ಹೋಗಿದ್ದೆ. ಈಗ ಚೆನ್ನಾಗಿದಾನೆ. ಅಚ್ಯುತ ಸಾರ್ ಹೆಸರೂ ಕೊಡಿ ಅಂತ ಎಲ್ಲರೂ ಅಂದ್ರು. ಪಟ್ಟೀಲಿ ಬರೆದೂ ಇದ್ದೆ. ಆಮೇಲೆ ನಾನೇ ಹೊಡೆದುಹಾಕಿದೆ.”

“ಯಾಕೆ?” ಎಂದು ಕೇಳಿದೆ. ಕೇಳಬಾರದಿತ್ತು.

“ನಿಮ್ಮನ್ನ ನಂಬಿದ್ದೆ, ಮೇಡಂ.”

ಕಾಫಿ ಮುಟ್ಟದೆ ಹೋದನು. ಅನಾರೋಗ್ಯದ ನಿವೃತ್ತಿಗೆ ಬೇಕಾದ ಕಾಗದಪತ್ರಗಳನ್ನು ಶಾಲೆಯವರೇ ಸಿದ್ಧಮಾಡುತ್ತಾರಂತೆ. ನಾನು ಬರೆಯಬೇಕಾಗಿಲ್ಲವಂತೆ.

೨೨ ಏಪ್ರಿಲ್, ಗುರುವಾರ

ದಿನವೂ ಬೆಳಗ್ಗೆ ಸ್ನಾನ ಮಾಡಿ, ಅಂಗಿ ಹಾಕಿಕೊಂಡು, “ಅಕ್ಕ, ಇವತ್ತು ನಾನು ಸ್ಕೂಲಿಗೆ ಯಾಕೆ ಹೋಗಿಲ್ಲ?” ಎನ್ನುತ್ತಾನೆ. ಬೇಸಿಗೆ ರಜೆ ಕಣೋ ಎನ್ನುತ್ತೇನೆ. ಓ ಹೌದಲ್ಲ ಎಂದು ಅಂಗಿ ಬಿಚ್ಚುತ್ತಾನೆ.

ಹಿತಾ ಅವನ ಪಕ್ಕ ಕುಳಿತು ಲೆಕ್ಕ ಹೇಳಿಸಿಕೊಳ್ಳುತ್ತಾಳೆ. ಹಳೆಯ ಲೆಕ್ಕಗಳೆಲ್ಲ ಅವನಿಗೆ ಬರುತ್ತವೆ. ಅವಳು ಈಗ ಅವನ ಹಿಂದೆ ಹೋಗಬೇಕಾಗಿಲ್ಲ.

೩ ಜೂನ್ ೧೯೯೯, ಗುರುವಾರ

ಶಾಲೆಗಳು ತೆರೆದಿವೆ. ಹುಡುಗರು ಬೀದಿಯಲ್ಲಿ ಹೋಗುವುದು ಅವನ ಕುರ್ಚಿಗೆ ಕಾಣುತ್ತದೆ.

ಇಂದು ಕೇಳಿದಾಗ ಹೇಳಿದೆ. “ನೀನು ಕುಡಿಯುತ್ತಿದ್ದೆ, ಅಚ್ಚು. ನಾನು ಎಲ್ಲರ ಹತ್ತಿರ ಮುಚ್ಚಿಟ್ಟೆ. ಡಾಕ್ಟರ ಹತ್ತಿರವೂ. ಅದರಿಂದ ನಿನಗೆ ಹುಷಾರು ತಪ್ಪಿತು. ಇನ್ನು ಕೆಲಸಕ್ಕೆ ಹೋಗಲಾಗುವುದಿಲ್ಲ.”

ಅವನು ನನ್ನ ಮುಖವನ್ನೇ ನೋಡಿದನು. “ನಾನಾ? ಹಿತಾಗೆ ಗೊತ್ತಾ?” ಎಂದನು. ಗೊತ್ತು ಎಂದೆ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತನು. ನಾನು ಕ್ಷಮೆ ಕೇಳಿದೆ. ಅವನು ನನ್ನ ಕೈ ಸವರಿದನು.

ತಿಂಡಿ ತಿಂದಾದ ಮೇಲೆ ಕುರ್ಚಿಯಿಂದ ಕೂಗಿದನು. “ಅಕ್ಕ, ಇವತ್ತು ನಾನು ಸ್ಕೂಲಿಗೆ ಯಾಕೆ ಹೋಗಿಲ್ಲ?”

೮ ಜೂನ್, ಮಂಗಳವಾರ

ದಿನವೂ ಹೇಳುತ್ತಿದ್ದೇನೆ. ದಿನವೂ ಅವನು ಮೊದಲ ಸಲ ಕೇಳಿದವನಂತೆ ಕೇಳುತ್ತಾನೆ, ಮೊದಲ ಸಲದಂತೆಯೇ ಅಳುತ್ತಾನೆ. ಇಂದು ಅಲಮೇಲು ಅಡಿಗೆಮನೆಯಿಂದ ಹೊರಗೆ ಬಂದಳು. ಈ ಹದಿನಾರು ವರ್ಷದಲ್ಲಿ ಅವಳು ನನ್ನೆದುರು ದನಿ ಎತ್ತಿದ್ದು ಇದೇ ಮೊದಲು.

“ಸಾಕು ಮಾಡಿ, ಅತ್ತಿಗೆ. ಹೇಳಬೇಕಾದಾಗ ಹೇಳಲಿಲ್ಲ. ಈಗ ಯಾರಿಗೋಸ್ಕರ ಹೇಳ್ತಿದೀರಿ? ನಿಮಗೆ ಹಗುರ ಆಗುತ್ತೆ, ಅವರಿಗೆ ದಿನಾ ಹೊಸದಾಗಿ ಚುಚ್ಚುತ್ತೆ.”

“ಹಾಗಾದರೆ ಏನು ಹೇಳಲಿ? ಮತ್ತೆ ಸುಳ್ಳು ಹೇಳಲೇ?”

“ನಂಗೊತ್ತಿಲ್ಲ. ನೀವು ಮೇಷ್ಟ್ರು. ನೀವೇ ಹುಡುಕಿ.”

ಬೆಳಗಿನಿಂದ ಯೋಚಿಸುತ್ತಿದ್ದೇನೆ. ನಿಘಂಟಿನಲ್ಲಿ ಸಿಗುವಂಥದ್ದಲ್ಲ.

೯ ಜೂನ್, ಬುಧವಾರ

ಅವನು ಕೇಳುವ ಹೊತ್ತಿಗೆ ಹಿತ್ತಿಲಿಗೆ ಹೋಗಿ ನಿಂತೆ. ಹಿತಾ ಉತ್ತರ ಹೇಳಿದಳೆಂದು ಕಾಣುತ್ತದೆ. ಏನು ಹೇಳಿದಳೋ ಕೇಳಲಿಲ್ಲ. ಅಳು ಕೇಳಿಸಲಿಲ್ಲ.

ಹದಿಮೂರು ವರ್ಷದ ಹುಡುಗಿಯ ಮೇಲೆ ಇದನ್ನೂ ಬಿಟ್ಟೆ. ನಾಳೆ ಹಾಗೆ ಮಾಡಬಾರದು.

೧೩ ಜೂನ್ ೧೯೯೯, ಭಾನುವಾರ

ಎಂಟು ಗಂಟೆಗೆ ನೀಲಿ ಗೆರೆಯ ಅಂಗಿ ಹಾಕಿಕೊಂಡು ಬಂದು ಕುಳಿತನು. ಗುಂಡಿಗಳನ್ನು ಒಂದು ಮನೆ ತಪ್ಪಿಸಿ ಹಾಕಿಕೊಂಡಿದ್ದನು. ಬಿಚ್ಚಿ ಸರಿಯಾಗಿ ಹಾಕುತ್ತಿರುವಾಗ ಕೇಳಿದನು.

“ಅಕ್ಕ, ಇವತ್ತು ನಾನು ಸ್ಕೂಲಿಗೆ ಯಾಕೆ ಹೋಗಿಲ್ಲ?”

“ಇವತ್ತು ಭಾನುವಾರ ಕಣೋ, ಅಚ್ಚು.”

“ಓ, ಭಾನುವಾರವಾ?” ಎಂದು ಕಾಲು ಚಾಚಿ ಕುಳಿತನು. “ಹಾಗಾದರೆ ಇನ್ನೊಂದು ಲೋಟ ಕಾಫಿ ಕೊಡು.”

ಕೊಟ್ಟೆ. ಎದುರಿಗೆ ಕುಳಿತೆ. ಹತ್ತು ನಿಮಿಷಕ್ಕೊಮ್ಮೆ ಕೇಳಿದನು, ಹತ್ತು ನಿಮಿಷಕ್ಕೊಮ್ಮೆ ಭಾನುವಾರ ಎಂದೆ. ಸಂಜೆಯವರೆಗೂ ಅವನಿಗೆ ನೋವಾಗಲಿಲ್ಲ, ನಾನು ಸುಳ್ಳು ಹೇಳಲಿಲ್ಲ. ಅಲಮೇಲು ಒಳಗೆ ಕೇಳಿಸಿಕೊಳ್ಳುತ್ತಿದ್ದಳು.

ನಾಳೆ ಸೋಮವಾರ.